ಗೆಳೆಯನಿಗೊಂದು ಪತ್ರ: ಮೊದಲ ಸಲ ಅವರ ಹಾಗೆಯೇ ಮಾಡು

ಮಸ್ಕಟೀನ್, ಅಯೋವಾ
ಭಾನುವಾರ, ಮಧ್ಯಾಹ್ನ

ಪ್ರೀತಿಯ ಗೆಳೆಯ,

ನಿನ್ನೆ ಫೋನ್ ಇಟ್ಟ ಮೇಲೂ ನಿನ್ನ ಮಾತು ತಲೆಯಲ್ಲೇ ಇತ್ತು. "ಹುಡುಗ ಅಲ್ಲಿ ಏನು ತಿಂತಾನೆ ಮಾರಾಯ?" ಎಂದೆಯಲ್ಲ, ಅದು. ಆಮೇಲೆ ಹಿಂದಿನಿಂದ ನಿನ್ನ ಹೆಂಡತಿ, "ಆ ಖೀಮಾ ಹಾಕುವ ಬನ್ ಮಾಡೋದು ಹೇಗೆ ಕೇಳಿ" ಎಂದದ್ದೂ ಕೇಳಿಸಿತು. ಫೋನಿನಲ್ಲಿ ಹೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಹುಡುಗ ಓದಲೆಂದು ಆಗಸ್ಟಿನಲ್ಲಿ ಅಮೆರಿಕಕ್ಕೆ ಹೊರಡುವ ಮುಂಚೆ ಮನೆಯಲ್ಲೇ ಎರಡು ಸಲ ಮಾಡಿ ತಿನ್ನಿ. ಇಲ್ಲಿಗೆ ಬಂದಾಗ ಒಂದು ತಿಂಡಿಯಾದರೂ ಅವನಿಗೆ ಗುರುತಿನದ್ದಾಗಿರಲಿ.

ಇದಕ್ಕೆ ಇಲ್ಲಿ ಸ್ಲಾಪಿ ಜೋ ಎನ್ನುತ್ತಾರೆ. ಸ್ಲಾಪಿ ಅಂದರೆ ಚೆಲ್ಲಾಡುವಂಥದ್ದು, ಕೈಬಾಯಿಗೆಲ್ಲ ಮೆತ್ತುವಂಥದ್ದು. ತಿನ್ನುವಾಗ ಬನ್ನಿನ ಬದಿಯಿಂದ ಖೀಮಾ ಬೀಳಲೇಬೇಕು, ತಟ್ಟೆಯಲ್ಲಿ ಬಿದ್ದದ್ದನ್ನು ಮತ್ತೆ ಹೆಕ್ಕಿ ತಿನ್ನಬೇಕು. ಅದೇ ಅದರ ಚೆಂದ.

ನಾನು ಇದನ್ನು ಮೊದಲು ತಿಂದದ್ದು ದೊಡ್ಡವಳು ಹುಟ್ಟಿದ ವಾರ. ಡಿಸೆಂಬರ್, ಹೊರಗೆ ಮೊಣಕಾಲಿನವರೆಗೆ ಹಿಮ. ಹೆಂಡತಿ ಆಸ್ಪತ್ರೆಯಿಂದ ಬಂದು ಎರಡು ದಿನ ಆಗಿತ್ತು. ಅಮ್ಮನಿಗೆ ವೀಸಾ ಸಿಕ್ಕಿರಲಿಲ್ಲ. ಬಾಣಂತಿಗೆ ಏನು ಮಾಡಿಕೊಡಬೇಕು ಎಂದು ನನಗೆ ಗೊತ್ತಿರಲಿಲ್ಲ. ಸಂಜೆ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಕೈಯಲ್ಲಿ ಕರೆಂಟಿನ ನಿಧಾನ ಒಲೆಯ ಪಾತ್ರೆ, ಇಲ್ಲಿಯವರು ಕ್ರಾಕ್‌ಪಾಟ್ ಎನ್ನುವುದು. ಕಂಕುಳಲ್ಲಿ ಬನ್ನಿನ ಪ್ಯಾಕೆಟ್. "ಬಿಸಿಗೆ ಇಟ್ಟುಬಿಡಿ, ಹಸಿವಾದಾಗ ತಿನ್ನಿ, ಪಾತ್ರೆ ಯಾವಾಗ ಬೇಕಾದರೂ ಕೊಡಿ" ಎಂದು ಹೇಳಿ ಒಳಗೂ ಬರದೆ ಹೋದರು. ಆ ರಾತ್ರಿ ಎರಡು ಗಂಟೆಗೆ ಮಗುವನ್ನು ಮಲಗಿಸಿ ನಾವಿಬ್ಬರೂ ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದೆವು. ಸಿಹಿ, ಹುಳಿ, ಬಿಸಿ. ಮೆತ್ತನೆಯ ಬನ್. ನನ್ನ ಹೆಂಡತಿ ಅವತ್ತು ಮೂರು ತಿಂದಳು.

ಬರಿ ಪಾತ್ರೆ ವಾಪಸ್ ಕೊಡಬಾರದು ಅಲ್ವಾ. ಕ್ರಿಸ್ಮಸ್ಸಿಗೆ ಊರಿಂದ ಬಂದಿದ್ದ ಕುಸ್ವಾರ್, ಅಂದರೆ ಹಬ್ಬದ ತಿಂಡಿ, ಇತ್ತು. ನೆವ್ರಿ, ಕಿಡ್ಯೊ ಎರಡನ್ನೂ ತುಂಬಿಸಿ ಕೊಟ್ಟೆ. ಅಂದಿನಿಂದ ಇಂದಿನವರೆಗೆ ಆ ಪಾತ್ರೆ ಎರಡು ಮನೆಗಳ ನಡುವೆ ಓಡಾಡುತ್ತಲೇ ಇದೆ.

ನಮ್ಮ ಊರಿಗೂ ಈ ತಿಂಡಿಗೂ ಹತ್ತಿರದ ನಂಟಿದೆ. ಮಸ್ಕಟೀನ್ ಮಿಸಿಸಿಪ್ಪಿ ನದಿಯ ದಡದಲ್ಲಿರುವ ಸಣ್ಣ ಊರು. ಒಂದು ಕಾಲದಲ್ಲಿ ಈ ನದಿಯ ಚಿಪ್ಪುಗಳನ್ನು ಕೊರೆದು ಅಂಗಿಯ ಗುಂಡಿ ಮಾಡುತ್ತಿದ್ದರು, ಲೋಕಕ್ಕೆಲ್ಲ ಇಲ್ಲಿಂದ ಹೋಗುತ್ತಿತ್ತು. ನಾವು ಮರುವಾಯಿ ಹೆಕ್ಕಿ ಸುಕ್ಕ ಮಾಡಿ ಚಿಪ್ಪು ಎಸೆಯುತ್ತಿದ್ದೆವು, ಇವರು ಚಿಪ್ಪಿನಿಂದಲೇ ಊರು ಕಟ್ಟಿದರು. ಇದೇ ಊರಲ್ಲಿ 1926ರಲ್ಲಿ ಫ್ರೆಡ್ ಏಂಜಲ್ ಎಂಬ ಕಸಾಯಿ ಮೇಡ್-ರೈಟ್ ಎಂಬ ಅಂಗಡಿ ಶುರು ಮಾಡಿದ. ಉದುರುದುರು ಬೇಯಿಸಿದ ದನದ ಖೀಮಾ, ಬನ್ನಿನ ಒಳಗೆ. ಸಾಸ್ ಇಲ್ಲ. ಅದನ್ನು ತಿನ್ನಲು ಜೊತೆಗೊಂದು ಚಮಚ ಕೊಡುತ್ತಾರೆ. ರಾಜ್ಯದ ಇನ್ನೊಂದು ತುದಿಯ ಸೂ ಸಿಟಿಯಲ್ಲೂ ಇಂಥದ್ದೇ ಇದೆ, ಅಲ್ಲಿ ಅದರ ಹೆಸರು ಟ್ಯಾವರ್ನ್. ಈ ಉದುರು ಖೀಮಾಕ್ಕೆ ಅಲ್ಲಿನ ಜೋ ಎಂಬ ಅಡುಗೆಯವನು ಟೊಮೆಟೊ ಸಾಸ್ ಸೇರಿಸಿದ, ಹಾಗೆ ಸ್ಲಾಪಿ ಜೋ ಆಯಿತು ಎನ್ನುವುದು ಅಯೋವಾದವರ ಮಾತು. ಫ್ಲೋರಿಡಾದವರು ತಮ್ಮ ಕೀ ವೆಸ್ಟಿನ ಬಾರಿನ ಹೆಸರು ಹೇಳುತ್ತಾರೆ. ನ್ಯೂಜೆರ್ಸಿಗೆ ಹೋಗಿ ಸ್ಲಾಪಿ ಜೋ ಕೇಳಿದರೆ ಮೂರು ಪದರದ ತಣ್ಣನೆಯ ಸ್ಯಾಂಡ್‌ವಿಚ್ ತಂದಿಡುತ್ತಾರೆ! ಅದು ಬೇರೆಯದೇ ತಿಂಡಿ.

ಯಾರು ಮೊದಲು ಮಾಡಿದರೂ, ಇದು ಕಷ್ಟದ ಕಾಲದಲ್ಲಿ ಬೆಳೆದ ಅಡುಗೆ. 1930ರ ದಶಕದಲ್ಲಿ ಇಲ್ಲಿ ಕೆಲಸವಿಲ್ಲದೆ ಜನ ಒದ್ದಾಡಿದರು. ಯುದ್ಧದ ನಡುವೆ, 1943ರಲ್ಲಿ, ಮಾಂಸಕ್ಕೆ ರೇಷನ್ ಬಂತು. ಅರ್ಧ ಕಿಲೋ ಖೀಮಾದಲ್ಲಿ ಐದಾರು ಜನರ ಹೊಟ್ಟೆ ತುಂಬಬೇಕು ಅಂದರೆ ಈರುಳ್ಳಿ ಜಾಸ್ತಿ, ಸಾಸ್ ಜಾಸ್ತಿ, ಬನ್ ದೊಡ್ಡದು. ನಮ್ಮ ಅಮ್ಮಂದಿರು ಕಾಲು ಕಿಲೋ ಮಾಂಸಕ್ಕೆ ಬಟಾಟೆ ಹಾಕಿ ಮನೆಮಂದಿಗೆಲ್ಲ ಬಡಿಸುತ್ತಿದ್ದರಲ್ಲ, ಅದೇ ಲೆಕ್ಕ. ಆಮೇಲೆ ಶಾಲೆಯ ಊಟದ ಟ್ರೇಗೆ ಬಂತು. 1969ರಲ್ಲಿ ಹಂಟ್ಸ್ ಕಂಪನಿ ಮ್ಯಾನ್‌ವಿಚ್ ಎಂಬ ಡಬ್ಬಿ ಸಾಸ್ ತಂದಿತು, ಡಬ್ಬಿ ತೆರೆದು ಖೀಮಾಕ್ಕೆ ಸುರಿದರೆ ಮುಗಿಯಿತು. ನಿನ್ನ ಹುಡುಗ ಇಲ್ಲಿ ಅಂಗಡಿಯಲ್ಲಿ ಅದನ್ನು ನೋಡುತ್ತಾನೆ. ಪರೀಕ್ಷೆ ಸಮಯದಲ್ಲಿ ತೆಗೆದುಕೊಂಡರೆ ಬೇಡ ಎನ್ನುವುದಿಲ್ಲ. ಆದರೆ ಮನೆಯಲ್ಲಿ ಮಾಡುವುದಕ್ಕೂ ಅರ್ಧ ಗಂಟೆ ಸಾಕು.

ಈಗ ಅಡುಗೆಗೆ ಬರುತ್ತೇನೆ.

ದನದ ಖೀಮಾ ಅರ್ಧ ಕಿಲೋ ಇರಲಿ. ಇಲ್ಲಿ ಪ್ಯಾಕೆಟಿನ ಮೇಲೆ 80/20 ಎಂದು ಬರೆದಿರುತ್ತದೆ, ನೂರಕ್ಕೆ ಇಪ್ಪತ್ತು ಪಾಲು ಕೊಬ್ಬು ಎಂದು ಅರ್ಥ. ನನಗೆ 85/15 ಇಷ್ಟ. ಊರಲ್ಲಿ ನಿನಗೆ ಇದು ಸುಲಭವಲ್ಲ, ಗೊತ್ತು. 2021ರಿಂದ ಕರ್ನಾಟಕದಲ್ಲಿ ಗೋಹತ್ಯೆ ತಡೆ ಕಾನೂನು ಜಾರಿಯಲ್ಲಿದೆ, 13 ವರ್ಷ ದಾಟಿದ ಎಮ್ಮೆ ಕೋಣ ಕಡಿಯಲು ಮಾತ್ರ ಅವಕಾಶ. ಅಂಥ ಮಾಂಸ ಸಿಕ್ಕಿದರೆ ಕೊಬ್ಬು ಕಡಿಮೆ, ಗಟ್ಟಿ ಜಾಸ್ತಿ. ಎರಡು ಸಲ ಅರೆಸಿಕೋ, ಎರಡು ಚಮಚ ಎಣ್ಣೆ ಹಾಕು, ಬೇಯಲು ಹೆಚ್ಚು ಹೊತ್ತು ಕೊಡು. ಸಿಗದಿದ್ದರೆ ಮಟನ್ ಖೀಮಾ ಆಗುತ್ತದೆ. ಕೋಳಿಯದ್ದಾದರೆ ಎದೆಯ ಮಾಂಸ ಬೇಡ, ತೊಡೆಯದ್ದು ತೆಗೆದುಕೋ. ಎದೆಯದ್ದು ಒಣಗಿ ಮರದ ಪುಡಿಯ ಹಾಗಾಗುತ್ತದೆ.

ಪೂರ್ತಿ ಅಡುಗೆಯ ರುಚಿ ನಿಲ್ಲುವುದು ಮೊದಲ ಹತ್ತು ನಿಮಿಷದಲ್ಲಿ. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು. ಮೊದಲೆಲ್ಲ ಖೀಮಾ ಬಾಣಲೆಗೆ ಹಾಕಿದ ಕೂಡಲೇ ಸೌಟು ಆಡಿಸುತ್ತಿದ್ದೆ. ಮಾಂಸ ನೀರು ಬಿಟ್ಟುಕೊಂಡು ಆ ನೀರಲ್ಲೇ ಬೂದು ಬಣ್ಣಕ್ಕೆ ತಿರುಗಿ ಬೇಯುತ್ತಿತ್ತು. ಸಾಸ್ ಎಷ್ಟೇ ಚೆನ್ನಾಗಿದ್ದರೂ ಬಾಯಲ್ಲಿ ಸಪ್ಪೆ. ಅಜ್ಜಿ ಒಂದು ದಿನ ಪಕ್ಕದಲ್ಲೇ ನಿಂತು ನೋಡಿದರು. ನನ್ನ ಕೈಯಿಂದ ಸೌಟು ತೆಗೆದು ಬದಿಗಿಟ್ಟರು. "ಸುಮ್ನೆ ಬಿಡು ಅದನ್ನು" ಎಂದರು.

ನಿನ್ನ ಅಮ್ಮನ ಬೀಡಿನ ಕಾವಲಿ ಇದೆಯಲ್ಲ, ದೋಸೆಯದ್ದು. ಅಂಚು ಎತ್ತರವಿರುವ ಬೀಡಿನ ಬಾಣಲೆ ಇದ್ದರೆ ಇನ್ನೂ ಒಳ್ಳೆಯದು. ಚೆನ್ನಾಗಿ ಕಾಯಲಿ. ಖೀಮಾವನ್ನು ರೊಟ್ಟಿಯ ಹಾಗೆ ತಟ್ಟಿ ಅಗಲವಾಗಿ ಹರಡು. ಉಪ್ಪು ಈಗ ಬೇಡ, ಉಪ್ಪು ನೀರು ಎಳೆಯುತ್ತದೆ. ನಾಲ್ಕೈದು ನಿಮಿಷ ಮುಟ್ಟಬೇಡ. ಮೊದಲು ನೀರಿನ ಚಟಚಟ ಕೇಳುತ್ತದೆ, ಆಮೇಲೆ ಸದ್ದು ಬದಲಾಗಿ ಎಣ್ಣೆಯ ಸಣ್ಣ ಚುರುಚುರು ಕೇಳುತ್ತದೆ. ಆಗ ಸಟ್ಟುಗದಿಂದ ಮಗುಚು. ಅಡಿಭಾಗ ಕಂದು ಬಣ್ಣಕ್ಕೆ ಬಂದು ಗರಿಯಾಗಿರಬೇಕು. ಆಮೇಲೆ ಸಣ್ಣ ಸಣ್ಣಗೆ ಒಡೆ. ಗೋಲಿ ಗಾತ್ರದ ತುಂಡು ಉಳಿದರೆ ಸಾಸ್ ಒಳಗೆ ಹೋಗುವುದಿಲ್ಲ. ಎಲ್ಲಿಯೂ ಕೆಂಪು ಕಾಣಬಾರದು. ಅರೆದ ಮಾಂಸ ಒಳಗೂ ಪೂರ್ತಿ ಬೇಯಲೇಬೇಕು. ಇಲ್ಲಿ 71 ಡಿಗ್ರಿ ಸೆಲ್ಸಿಯಸ್ ಎಂದು ಅಳತೆ ಇಟ್ಟಿದ್ದಾರೆ. ಎಣ್ಣೆ ಜಾಸ್ತಿ ಬಿಟ್ಟಿದ್ದರೆ ಒಂದು ಚಮಚದಷ್ಟು ಉಳಿಸಿ ಬಾಕಿಯನ್ನು ಬಸಿದುಬಿಡು.

ಅದೇ ಕೊಬ್ಬಿನಲ್ಲಿ ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಅರ್ಧ ದೊಣ್ಣೆ ಮೆಣಸಿನಕಾಯಿ, ಎರಡು ಎಸಳು ಬೆಳ್ಳುಳ್ಳಿ ಬಾಡಿಸು. ಬಾಣಲೆಯ ತಳಕ್ಕೆ ಹಿಡಿದದ್ದನ್ನೆಲ್ಲ ಕೆರೆದು ಸೇರಿಸು, ರುಚಿ ಇರುವುದು ಅಲ್ಲೇ.

ಸಾಸಿಗೆ ಮುಕ್ಕಾಲು ಕಪ್ ಟೊಮೆಟೊ ಕೆಚಪ್. (ಇದೇ ಊರಲ್ಲಿ ಹೈಂಜ್ ಕಂಪನಿಯ ಹಳೆಯ ಕಾರ್ಖಾನೆ ಇದೆ. ಹಾಗಾಗಿ ಇಲ್ಲಿ ಬೇರೆ ಕೆಚಪ್ ತಂದರೆ ಅಜ್ಜಿಗೆ ಆಗುವುದಿಲ್ಲ.) ಒಂದು ಚಮಚ ಸಾಸಿವೆ ಸಾಸ್, ಹಳದಿ ಬಣ್ಣದ್ದು. ಒಂದು ದೊಡ್ಡ ಚಮಚ ಕಂದು ಸಕ್ಕರೆ, ಅದರ ಬದಲು ಪುಡಿ ಬೆಲ್ಲ ಹಾಕಿದರೂ ಸರಿಯಾಗುತ್ತದೆ. ಒಂದು ಚಮಚ ವಿನೆಗರ್. ಕಾಲು ಕಪ್ ನೀರು. ಉಪ್ಪು, ಕರಿಮೆಣಸು. ಮತ್ತೆ ಒಂದು ದೊಡ್ಡ ಚಮಚ ವುಸ್ಟರ್‌ಶೈರ್ ಸಾಸ್.

ಈ ಕೊನೆಯದನ್ನು ಬಿಡಬೇಡ. ಇಂಗ್ಲೆಂಡಿನ ವುಸ್ಟರ್ ಊರಿನಲ್ಲಿ ಲೀ ಮತ್ತು ಪೆರಿನ್ಸ್ ಎಂಬ ಇಬ್ಬರು ಔಷಧಿ ಅಂಗಡಿಯವರು 1837ರಿಂದ ಇದನ್ನು ಮಾರಲು ಶುರು ಮಾಡಿದರು. ಅದರೊಳಗೆ ಏನಿದೆ ಗೊತ್ತಾ? ಹುಣಸೆಹಣ್ಣು! ಜೊತೆಗೆ ಉಪ್ಪಿನಲ್ಲಿ ಹಣ್ಣಾಗಿಸಿದ ಸಣ್ಣ ಮೀನು, ವಿನೆಗರ್, ಬೆಲ್ಲದ ಪಾಕದಂಥ ಮೊಲಾಸಿಸ್. ಮೊದಲ ಸಲ ಬಾಟಲಿಯ ಹಿಂದೆ ಓದಿದಾಗ ಅಂಗಡಿಯಲ್ಲೇ ನಿಂತುಬಿಟ್ಟೆ. ಒಣಮೀನು ಮತ್ತು ಹುಣಸೆಹುಳಿ ಸೇರಿದರೆ ಏನಾಗುತ್ತದೆ ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಮಂಗಳೂರಿನಲ್ಲಿ ಈ ಬಾಟಲಿ ಸಿಗದಿದ್ದರೆ ಅರ್ಧ ಚಮಚ ಹುಣಸೆ ರಸಕ್ಕೆ ಒಂದು ಚಮಚ ಸೋಯಾ ಸಾಸ್ ಬೆರೆಸಿ ಹಾಕು, ಹತ್ತಿರ ಬರುತ್ತದೆ.

ಖಾರದ ವಿಷಯದಲ್ಲಿ ಜಾಗ್ರತೆ. ಇಲ್ಲಿಯ ಪುಸ್ತಕಗಳಲ್ಲಿ ಚಿಲ್ಲಿ ಪೌಡರ್ ಎಂದು ಬರೆದರೆ ಅದು ನಮ್ಮ ಮೆಣಸಿನ ಪುಡಿ ಅಲ್ಲ. ಮೆಣಸಿನ ಜೊತೆ ಜೀರಿಗೆ, ಬೆಳ್ಳುಳ್ಳಿ, ಓರೆಗಾನೊ ಎಲೆ ಬೆರೆಸಿದ ಮಸಾಲೆ ಅದು, ಖಾರ ಕಡಿಮೆ. ಅದು ಗೊತ್ತಿಲ್ಲದೆ ನಾನು ಊರಿನ ಪುಡಿಯನ್ನು ಅಷ್ಟೇ ಅಳತೆಯಲ್ಲಿ ಹಾಕಿ, ಆಫೀಸಿನ ಗೆಳೆಯರ ಮಕ್ಕಳು ಒಂದು ತುತ್ತು ತಿಂದು ಅತ್ತದ್ದು ಇನ್ನೂ ಮನಸ್ಸಿನಲ್ಲಿದೆ. ಬ್ಯಾಡಗಿ ಪುಡಿ ಅರ್ಧ ಚಮಚ, ಹುರಿದ ಜೀರಿಗೆ ಪುಡಿ ಕಾಲು ಚಮಚ, ಅಷ್ಟು ಸಾಕು.

ನಿನ್ನ ಕೈ ನಮ್ಮ ಮಂಗಳೂರಿನ ಮಸಾಲೆಗೆ, ಆ ಬಫಾತ್ ಪುಡಿಯ ಡಬ್ಬಕ್ಕೆ ಹೋಗುತ್ತದೆ ಎಂದು ನನಗೆ ಗೊತ್ತು. ನಾನೂ ಹಾಕಿದ್ದೇನೆ, ತುಂಬಾ ಚೆನ್ನಾಗಿರುತ್ತದೆ. ಆದರೆ ಮೊದಲ ಸಲ ಬೇಡ ಮಾರಾಯ. ಮೊದಲ ಸಲ ಅವರ ಹಾಗೆಯೇ ಮಾಡು. ನಾವು ಯಾವುದನ್ನು ಕಂಡರೂ "ಇದಕ್ಕೆ ಮಸಾಲೆ ಸಾಲದು" ಎನ್ನುತ್ತೇವೆ. ನಾನೂ ಹಾಗೆಯೇ ಇದ್ದೆ. ಇದು ಮಸಾಲೆ ಮರೆತ ಖೀಮಾ ಅಲ್ಲ. ಮಕ್ಕಳಿಂದ ಹಿಡಿದು ಹಲ್ಲಿಲ್ಲದ ಅಜ್ಜನವರೆಗೆ ಎಲ್ಲರೂ ಒಟ್ಟಿಗೆ ಕೂತು ತಿನ್ನಲಿ ಎಂದು ಮಾಡಿದ ಅಡುಗೆ. ಅದರ ಸಿಹಿಗೂ ಮೆತ್ತಗಿನ ಹದಕ್ಕೂ ಅದೇ ಕಾರಣ. ಹುಡುಗನಿಗೂ ಇದನ್ನು ಹೇಳು. ಯಾರ ಮನೆಗಾದರೂ ಊಟಕ್ಕೆ ಹೋದಾಗ ಮೊದಲು ಅವರು ಕೊಟ್ಟ ಹಾಗೆ ತಿನ್ನಲಿ, ಉಪ್ಪಿನಕಾಯಿ ಬಾಟಲಿ ಆಮೇಲೆ ತೆಗೆಯಲಿ.

ಸಾಸ್ ಹಾಕಿದ ಮೇಲೆ ಸಣ್ಣ ಉರಿ, ಮುಚ್ಚಳ ಬೇಡ, ಹದಿನೈದು ನಿಮಿಷ. ಸೌಟಿನಿಂದ ಬಾಣಲೆಯ ತಳದಲ್ಲಿ ಒಂದು ಗೆರೆ ಎಳೆ. ಗೆರೆ ಒಂದು ಕ್ಷಣ ಹಾಗೇ ಉಳಿದು ನಿಧಾನಕ್ಕೆ ಮುಚ್ಚಿಕೊಂಡರೆ ಹದ ಬಂತು. ಕೂಡಲೇ ಮುಚ್ಚಿದರೆ ಇನ್ನೂ ನೀರು, ಬನ್ ನೆನೆದು ಹರಿಯುತ್ತದೆ. ಮುಚ್ಚದೇ ಇದ್ದರೆ ಎರಡು ಚಮಚ ಬಿಸಿನೀರು ಹಾಕು.

ಬನ್ ಬೇಕರಿಯ ಗುಂಡು ಬನ್ನೇ ಸಾಕು. ನಮ್ಮ ಬಾಳೆಹಣ್ಣಿನ ಬನ್ಸ್ ಅಲ್ಲ, ಬನ್! ಅಡ್ಡಕ್ಕೆ ಕೊಯ್ದು ಒಳಮೈಗೆ ಬೆಣ್ಣೆ ಸವರಿ ಕಾವಲಿಯ ಮೇಲೆ ಕೆಂಪಗೆ ಕಾಯಿಸು. ಬೆಣ್ಣೆಯ ಪದರ ಇದ್ದರೆ ರಸ ಬೇಗ ಒಳಗಿಳಿಯುವುದಿಲ್ಲ. ಇಲ್ಲಿ ಜೊತೆಗೆ ಸೌತೆಕಾಯಿ ಪಿಕಲ್ ಮತ್ತು ಬಟಾಟೆ ಚಿಪ್ಸ್ ಇಡುತ್ತಾರೆ. ನನ್ನ ಸಣ್ಣವನು ಚಿಪ್ಸನ್ನು ಬನ್ನಿನ ಒಳಗೇ ತುರುಕಿ ಒತ್ತಿ ತಿನ್ನುತ್ತಾನೆ. ಅದನ್ನೂ ಒಮ್ಮೆ ನೋಡು.

ಉಳಿದರೆ ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ಮರುದಿನ ರುಚಿ ಇನ್ನೂ ಚೆನ್ನ, ಮೀನು ಸಾರಿನ ಹಾಗೆ. ಒಬ್ಬನೇ ಇರುವ ಹುಡುಗನಿಗೆ ಭಾನುವಾರ ಮಾಡಿಟ್ಟರೆ ಬುಧವಾರದವರೆಗೆ ಚಿಂತೆ ಇಲ್ಲ.

ಅವನ ಯೂನಿವರ್ಸಿಟಿ ಇರುವ ಅಯೋವಾ ಸಿಟಿ ನಮ್ಮ ಮನೆಯಿಂದ ಕಾರಿನಲ್ಲಿ ಒಂದು ಗಂಟೆಯೂ ಇಲ್ಲ. ಬಂದ ಮೊದಲ ಶನಿವಾರ ನಾನೇ ಹೋಗಿ ಕರೆದುಕೊಂಡು ಬರುತ್ತೇನೆ. ಅಜ್ಜಿಗೂ ಹೇಳಿದ್ದೇನೆ. ಅವರಿಗೆ ಈಗ ಎಂಬತ್ತು ದಾಟಿದೆ, ಕ್ರಾಕ್‌ಪಾಟ್ ಎತ್ತಲು ಆಗುವುದಿಲ್ಲ, ನಾನೇ ಹೋಗಿ ತರುತ್ತೇನೆ. ಹುಡುಗನ ಹೆಸರು ಕೇಳಿ ಕಾಗದದಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದಾರೆ.

ಬ್ಯಾಗಿನಲ್ಲಿ ಬಫಾತ್ ಪುಡಿ ಅರ್ಧ ಕಿಲೋ ಕಳಿಸು, ಅದರಲ್ಲಿ ನನಗೂ ಪಾಲು ಬೇಕು. ಬೀಡಿನ ಬಾಣಲೆ ಮಾತ್ರ ತುಂಬಿಸಬೇಡ, ಸುಮ್ನೆ ಭಾರ. ನನ್ನ ಹತ್ರ ಎರಡಿವೆ. ಒಂದನ್ನು ಎಣ್ಣೆ ಹಚ್ಚಿ ಅವನಿಗೆಂದೇ ಎತ್ತಿಟ್ಟಿದ್ದೇನೆ.

ಇಂತಿ ನಿನ್ನ
ಗೆಳೆಯ