ಮೊದಲು ಹನಿ ನಿಲ್ಲಲಿ, ಗೋಡೆ ಆಮೇಲೆ

ಪ್ರೀತಿಯ ಮಗಳೇ,

ನೀನು ಕಳಿಸಿದ ಫೋಟೋ ನೋಡಿದೆ. ಬಾಲ್ಕನಿ ಮೂಲೆ ಪೂರ್ತಿ ಕಪ್ಪಾಗಿದೆಯಲ್ಲೇ! ಎರಡು ಸಲ ಬ್ಲೀಚ್ ಹಾಕಿ ಉಜ್ಜಿದೆ, ಮತ್ತೆ ಬಂತು ಅಂತ ಬರೆದಿದ್ದೀಯ. ಬರದೇ ಇನ್ನೇನು? ಮೇಲಿನ ಮನೆ ಎಸಿ ನೀರು ಬೀಳುತ್ತಲೇ ಇದೆ. ಒದ್ದೆಯಾದ ಜಾಗ 24ರಿಂದ 48 ಗಂಟೆಯೊಳಗೆ ಒಣಗದಿದ್ದರೆ ಬೂಷ್ಟು ಶುರುವಾಗುತ್ತದೆ. ಅಲ್ಲಿ ಒಣಗುವುದಕ್ಕೆ ಪುರುಸೊತ್ತೇ ಇಲ್ಲ.

ನಾಳೆಯೇ ಹೋಗಿ ಜಗಳ ಆಡುತ್ತೇನೆ ಅಂದಿದ್ದೀಯ. ಸ್ವಲ್ಪ ತಡಿ. ನಾನೂ ಒಮ್ಮೆ ಹಾಗೇ ಮೇಲಿನವರಿಗೆ ಬೈದು ಬಂದಿದ್ದೆ. ಆಮೇಲೆ ನೋಡಿದರೆ ಸೋರುತ್ತಿದ್ದುದು ನಮ್ಮದೇ ಬಾತ್‌ರೂಮಿನ ಪೈಪು. ಅವರು ಮೆಟ್ಟಿಲ ಮೇಲೆ ಎದುರಾದಾಗಲೆಲ್ಲ ನಾನು ಚಪ್ಪಲಿ ನೋಡಿಕೊಂಡು ಇಳಿಯುತ್ತಿದ್ದೆ.

ಅದಕ್ಕೇ ಮೊದಲು ಹನಿ ಬೀಳುವ ಕಡೆ ಒಂದು ಬಕೆಟ್ ಇಡು. ಅವರ ಎಸಿ ಓಡುವಾಗ ಎಷ್ಟು ತುಂಬುತ್ತದೆ, ನಿಂತ ಮೇಲೆ ಹನಿಯೂ ನಿಲ್ಲುತ್ತದೆಯೇ ನೋಡು. ಸಮಯ ಬರೆದಿಡು, ವಿಡಿಯೋ ಮಾಡು. ಎಸಿ ಹಾಕದ ದಿನವೂ ಗೋಡೆ ಒದ್ದೆ ಇದ್ದರೆ ನೀರಿನ ದಾರಿ ಬೇರೆ ಇದೆ. ಫೋಟೋದ ಬಲಗಡೆ ಬಿಳಿ ಪುಡಿ ಕಾಣುತ್ತಿದೆಯಲ್ಲ, ಅದು ಬೂಷ್ಟಲ್ಲದೇ ಇರಬಹುದು. ಸ್ವಲ್ಪ ನೀರು ಚಿಮುಕಿಸು. ಕರಗಿದರೆ ಅದು ಗೋಡೆಯ ಒಳಗಿಂದ ಬಂದ ಉಪ್ಪು.

ಎಸಿ ಗ್ಯಾಸ್ ಸೋರುತ್ತಿದೆ ಅನ್ನುವ ಭಯ ಬೇಡ. ಕೋಣೆಯ ಗಾಳಿಯಲ್ಲಿರುವ ತೇವ ಎಸಿಯೊಳಗಿನ ತಣ್ಣಗಿನ ಕಾಯಿಲ್, ಅಂದರೆ ಕೊಳವೆಯ ಸುರುಳಿ, ಅದರ ಮೇಲೆ ನೀರಾಗಿ ತಟ್ಟೆಗೆ ಇಳಿಯುತ್ತದೆ, ಅಲ್ಲಿಂದ ಪೈಪಿನಲ್ಲಿ ಹೊರಗೆ. ಅಂದರೆ ಎಸಿ ಸರಿಯಾಗಿಯೇ ಇದೆ, ಪೈಪಿನ ತುದಿ ಇರುವ ಜಾಗ ಸರಿಯಿಲ್ಲ, ಅಷ್ಟೇ. ನಿನ್ನ ಗೋಡೆ ಮೇಲಿಂದ ಅವರಿಗೆ ಕಾಣುವುದೂ ಇಲ್ಲ. "ಒಂದು ನಿಮಿಷ ಬಂದು ನೋಡ್ತೀರಾ?" ಅಂತ ಕರೆದುಕೊಂಡು ಬಾ. ಆ ಬಕೆಟ್ ತೋರಿಸು. ನೀನು ಜಾಸ್ತಿ ಮಾತಾಡಬೇಕಾಗುವುದಿಲ್ಲ.

ಕೆಲಸವೂ ದೊಡ್ಡದಲ್ಲ. ಪೈಪಿಗೆ ಇನ್ನಷ್ಟು ಉದ್ದ ಸೇರಿಸಿ, ನೀರು ಹೋಗುವ ಮೋರಿಯವರೆಗೆ ಇಳಿಜಾರಾಗಿ ತರಬೇಕು. ನಡುವೆ ಎಲ್ಲೂ ಮೇಲೆದ್ದು ಬಾಗಬಾರದು, ತುದಿ ನೀರಿನಲ್ಲಿ ಮುಳುಗಬಾರದು. ಸಿಟ್ಟಿನಲ್ಲಿ ಆ ಪೈಪಿಗೆ ಬಟ್ಟೆ ತುರುಕೀಯೆ ಜೋಕೆ! ನೀರು ವಾಪಸ್ ಅವರ ಕೋಣೆಯೊಳಗೇ ಸುರಿಯುತ್ತದೆ. ಎರಡು ಸಲ ಹೇಳಿದರೂ ಕೇಳದಿದ್ದರೆ ನಿನ್ನ ಮನೆ ಮಾಲೀಕರಿಗೂ ಕಟ್ಟಡ ನೋಡಿಕೊಳ್ಳುವವರಿಗೂ ಫೋಟೋ, ತಾರೀಖು ಸಮೇತ ಬರೆದು ಕೊಡು. ಬಾಯಿಮಾತಿನಲ್ಲಿ ಹೇಳಿದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ.

ಹನಿ ನಿಂತ ಮೇಲೆ ಕ್ಲೀನಿಂಗ್. ಬ್ಲೀಚಿಗೆ ವಿನೆಗರ್ ಬೆರೆಸಿ ನೋಡಲೇ ಅಂತ ಕೇಳಿದ್ದೀಯಲ್ಲ, ಅದು ಓದಿ ನನ್ನ ಎದೆ ಧಸಕ್ಕೆಂದಿತು. ಖಂಡಿತ ಬೇಡ. ಕ್ಲೋರಿನ್ ಅನಿಲ ಏಳುತ್ತದೆ, ಅದು ವಿಷ. ಅಮೋನಿಯಾ, ಟಾಯ್ಲೆಟ್ ಕ್ಲೀನರ್ ಜೊತೆಗೂ ಬೆರೆಸಬಾರದು. ಸೋಪು ನೀರು, ಗಟ್ಟಿ ಬ್ರಷ್ ಸಾಕು. ಒಣಗಿದ ಬೂಷ್ಟನ್ನು ಹಾಗೇ ಕೆರೆದರೆ ಅದರ ಬೀಜಕಣ ಗಾಳಿಗೆ ಹಾರುತ್ತವೆ, ಆದ್ದರಿಂದ ಒದ್ದೆ ಮಾಡಿಕೊಂಡೇ ಉಜ್ಜು. ಎನ್95 ಮಾಸ್ಕ್, ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ. ಮನೆ ಒಳಗಿನ ಬಾಗಿಲು ಮುಚ್ಚಿರಲಿ. ಮೂಲೆಯಲ್ಲಿರುವ ರಟ್ಟಿನ ಪೆಟ್ಟಿಗೆ ಎಸೆದುಬಿಡು, ಅದರೊಳಗೆ ಹೊಕ್ಕ ಬೂಷ್ಟು ಹೋಗುವುದಿಲ್ಲ. ನಿನ್ನ ಗಂಡನಿಗೆ ಅಸ್ತಮಾ ಇದೆ, ಅವನನ್ನು ಆ ಕಡೆ ಬಿಡಬೇಡ.

ಪೇಂಟ್ ಅವಸರ ಬೇಡ. ಗೋಡೆ ಒಳಗಿನವರೆಗೆ ಒಣಗದೆ ಬಳಿದರೆ ಪದರ ಪದರವಾಗಿ ಏಳುತ್ತದೆ, ದುಡ್ಡೂ ದಂಡ.

ಬಕೆಟ್ ಲೆಕ್ಕ ಏನಾಯಿತು ಅಂತ ಫೋನ್ ಮಾಡು. ಆ ಪೈಪಿನ ತುದಿಯದ್ದೂ ಒಂದು ಫೋಟೋ ಕಳಿಸು, ನಾನೂ ನೋಡುತ್ತೇನೆ.

ಇಂತಿ ನಿನ್ನ,
ದೊಡ್ಡಪ್ಪ