ಮೇಸ್ತ್ರಿಯನ್ನು ಬದಲಾಯಿಸಬೇಡ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ಪಾಯ ಮುಗಿದು ಗೋಡೆ ಏಳುತ್ತಿದೆ ಅಂತ ತಿಳಿದು ತುಂಬಾ ಖುಷಿಯಾಯಿತು. ಆದರೆ ಕೊನೆಯ ಸಾಲು ಓದಿದ ಮೇಲೆ ಸುಮ್ಮನಿರಲು ಆಗಲಿಲ್ಲ. ಮೇಸ್ತ್ರಿ ತುಂಬಾ ನಿಧಾನ, ಚದರಡಿ ಲೆಕ್ಕದಲ್ಲಿ ಬೇಗ ಮುಗಿಸಿಕೊಡುವ ಇನ್ನೊಂದು ಗ್ಯಾಂಗ್ ಸಿಕ್ಕಿದೆ, ಅವರಿಗೇ ಕೊಡೋಣ ಅಂತಿದ್ದೇನೆ ಎಂದು ಬರೆದಿದ್ದೀಯ. ದಯವಿಟ್ಟು ಅವಸರ ಮಾಡಬೇಡ. ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಆ ಗೋಡೆ ಕಟ್ಟುತ್ತಿರುವವರು ಕೆಲಸ ಬಲ್ಲವರು. ನಮ್ಮಪ್ಪ ಬದುಕಿಡೀ ಕರಣೆ ಹಿಡಿದು ಗೋಡೆ ಕಟ್ಟಿದವರು ಅನ್ನೋದು ನಿನಗೆ ಗೊತ್ತೇ ಇದೆ. ಈ ವಿಷಯ ಬಂದರೆ ನನಗೆ ಮಾತು ಜಾಸ್ತಿ. ಸ್ವಲ್ಪ ಉದ್ದವಾದರೂ ಪೂರ್ತಿ ಓದು.

ಬೆಳಗ್ಗೆ ಬಂದು ಇಟ್ಟಿಗೆಗೆ ನೀರು ಹಾಕುತ್ತಾ, ದಾರ ಕಟ್ಟುತ್ತಾ ಹೊತ್ತು ಕಳೆಯುತ್ತಾರೆ ಅನ್ನೋದು ನಿನ್ನ ದೂರು. ಅಲ್ಲಿಂದಲೇ ಶುರು ಮಾಡುತ್ತೇನೆ. ಸುಟ್ಟ ಇಟ್ಟಿಗೆಗೆ ಬಾಯಾರಿಕೆ ಜಾಸ್ತಿ. ಒಳ್ಳೆಯ ಇಟ್ಟಿಗೆಯೇ ತನ್ನ ತೂಕದ ಐದನೇ ಒಂದು ಪಾಲಿನಷ್ಟು ನೀರು ಕುಡಿಯಬಹುದು. ಒಣ ಇಟ್ಟಿಗೆಯನ್ನು ಹಾಗೇ ಇಟ್ಟರೆ ಅದು ಗಾರೆಯಲ್ಲಿರುವ ನೀರನ್ನೇ ಎಳೆದುಕೊಳ್ಳುತ್ತದೆ. ಸಿಮೆಂಟು ಗಟ್ಟಿಯಾಗಲು ನೀರು ಬೇಕು. ಆ ನೀರೇ ಹೋದ ಮೇಲೆ ಉಳಿಯೋದು ಬರೀ ಮರಳು. ಆಮೇಲೆ ಗೋಡೆಗೆ ನೀರು ಹಾಕಿ ಎಷ್ಟೇ ಕ್ಯೂರಿಂಗ್ ಮಾಡಿದರೂ ಇಟ್ಟಿಗೆಗಳ ನಡುವಿನ ಆ ಗಾರೆಯ ಕೀಲು ಸರಿಯಾಗಿ ಹಿಡಿಯೋದಿಲ್ಲ. ಅದಕ್ಕೇ ತಿಳಿದವರು ಇಟ್ಟಿಗೆಯನ್ನು ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಏಳೋದು ನಿಲ್ಲುವವರೆಗೆ ಬಿಟ್ಟು, ಮೇಲಿನ ತೇವ ಆರಿದ ಮೇಲೆ ಕೈಗೆತ್ತಿಕೊಳ್ಳುತ್ತಾರೆ. ನಿನ್ನ ಮೇಸ್ತ್ರಿ ಮಾಡುತ್ತಿರುವುದು ಇದನ್ನೇ.

ಇನ್ನು ದಾರದ ವಿಷಯ. ಗೋಡೆ ಹುಟ್ಟೋದು ಮೂಲೆಯಲ್ಲಿ. ಮೊದಲು ಎರಡೂ ತುದಿಯಲ್ಲಿ ಮೂಲೆ ಎಬ್ಬಿಸಬೇಕು. ತೂಗುಗುಂಡು ಬಿಟ್ಟು ನೆಟ್ಟಗಿದೆಯಾ ಅಂತ ನೋಡಬೇಕು, ರಸಮಟ್ಟ ಇಟ್ಟು ಮಟ್ಟ ನೋಡಬೇಕು. ಆಮೇಲೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ದಾರ ಎಳೆದು, ನಡುವಿನ ಇಟ್ಟಿಗೆ ತುಂಬೋದು. ನಡುವೆ ತುಂಬುವ ಕೆಲಸವನ್ನು ಸ್ವಲ್ಪ ಕಲಿತ ಹುಡುಗನೂ ಮಾಡಬಲ್ಲ. ಮೂಲೆ ಎಬ್ಬಿಸೋದು ಮಾತ್ರ ಮೇಸ್ತ್ರಿಯ ಕೆಲಸ. ಹೆಲ್ಪರ್ ಆಗಿ ಬಂದ ಹುಡುಗ ಮೊದಲು ಗಾರೆ ಕಲಸುತ್ತಾನೆ, ಇಟ್ಟಿಗೆ ಹೊರುತ್ತಾನೆ, ಆಮೇಲೆ ದಾರದ ನಡುವೆ ಕಟ್ಟುತ್ತಾನೆ. ಅವನ ಕೈಗೆ ಮೂಲೆ ಒಪ್ಪಿಸಿದ ದಿನ ಅವನು ಮೇಸ್ತ್ರಿ ಆದ ಅಂತ ಲೆಕ್ಕ. ಅದಕ್ಕೆ ಸರ್ಟಿಫಿಕೇಟು ಇಲ್ಲ. ಸೈಟಿನಲ್ಲಿ ಇರುವ ಎಲ್ಲರಿಗೂ ಗೊತ್ತಿರುತ್ತದೆ, ಅಷ್ಟೇ.

ನಿನ್ನ ಮೂರನೇ ಫೋಟೋದಲ್ಲಿ ಅಂಥ ಒಂದು ಮೂಲೆ ಕಾಣುತ್ತದೆ. ಒಂಬತ್ತು ಇಂಚಿನ ಗೋಡೆ. ಒಂದು ವರಸೆಯಲ್ಲಿ, ಅಂದರೆ ಸಾಲಿನಲ್ಲಿ, ಇಟ್ಟಿಗೆಯ ಉದ್ದ ಕಾಣುತ್ತದೆ, ಅದರ ಮೇಲಿನ ವರಸೆಯಲ್ಲಿ ಬರೀ ತಲೆ, ಅಂದರೆ ಗಿಡ್ಡ ಬದಿ. ಇಂಗ್ಲಿಷ್ ಬಾಂಡ್ ಅನ್ನೋದು ಇದಕ್ಕೇ. ಕೆಳಗಿನ ಕೀಲಿನ ಮೇಲೆ ಮೇಲಿನ ಕೀಲು ಬರಬಾರದು, ಬಂದರೆ ಬಿರುಕಿಗೆ ಅದೇ ದಾರಿ. ಹಾಗಾಗದಿರಲು ಮೂಲೆಯ ಇಟ್ಟಿಗೆಯ ಪಕ್ಕದಲ್ಲಿ ಉದ್ದಕ್ಕೆ ಸೀಳಿದ ಒಂದು ತುಂಡು ಇಡಬೇಕು. ಇಟ್ಟಿಗೆಯನ್ನು ಅಡ್ಡ ಒಡೆಯೋದು ಸುಲಭ, ಉದ್ದಕ್ಕೆ ಸೀಳೋದು ಕಷ್ಟ. ಬಹಳ ಜನ ಅದನ್ನು ಬಿಟ್ಟುಬಿಡುತ್ತಾರೆ. ನಿನ್ನವರು ಬಿಟ್ಟಿಲ್ಲ. ಒಂದು ವರಸೆ ಬಿಟ್ಟು ಒಂದು ವರಸೆಗೆ ಆ ತುಂಡು ಕೂತಿದೆ. ನಾಳೆ ಪ್ಲಾಸ್ಟರ್ ಆದ ಮೇಲೆ ಇದು ಯಾರಿಗೂ ಕಾಣೋದಿಲ್ಲ. ಯಾರೂ ನೋಡದ ಜಾಗದಲ್ಲಿ ಇಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರನ್ನು ನಿಧಾನ ಅಂತ ಕಳಿಸಿಬಿಡುತ್ತೀಯಾ?

ಒಂದೇ ದಿನಕ್ಕೆ ಆಳೆತ್ತರ ಎಬ್ಬಿಸುತ್ತೇವೆ ಅಂತ ಆ ಗ್ಯಾಂಗಿನವರು ಹೇಳಿದ್ದಾರಂತೆ. ಹಾಗೆ ಮಾಡಿಸಬಾರದು. ಹಸಿ ಗಾರೆಯ ಮೇಲೆ ಭಾರ ಹೆಚ್ಚಾದರೆ ಕೆಳಗಿನ ಕೀಲು ಹಿಸುಕಿ, ಗೋಡೆ ನೆಟ್ಟಗಿರದೆ ಗುಂಡು ತಪ್ಪುತ್ತದೆ. ದಿನಕ್ಕೆ ಒಂದು ಮೀಟರಿನಿಂದ ಒಂದೂವರೆ ಮೀಟರ್, ಅದಕ್ಕಿಂತ ಮೇಲೆ ಹೋಗಬಾರದು. ಕಲಸಿದ ಗಾರೆಯನ್ನೂ ಬೇಗ ಮುಗಿಸಬೇಕು. ಸಾಮಾನ್ಯ ಸಿಮೆಂಟು ಅರ್ಧ ಗಂಟೆ ಕಳೆದ ಮೇಲೆ ಯಾವಾಗ ಬೇಕಾದರೂ ಬಿಗಿಯಲು ಶುರುವಾಗಬಹುದು. ಬಿಗಿದ ಗಾರೆಗೆ ಮತ್ತೆ ನೀರು ಸುರಿದು ಕಲಸಿದರೆ ಮೆತ್ತಗಾಗುತ್ತದೆ, ಆದರೆ ಶಕ್ತಿ ಹೋಗಿರುತ್ತದೆ. ಚದರಡಿ ಲೆಕ್ಕದಲ್ಲಿ ಓಡುವವರು ಊಟಕ್ಕೆ ಮುಂಚೆ ದೊಡ್ಡ ರಾಶಿ ಕಲಸಿಟ್ಟು ಸಂಜೆವರೆಗೂ ಅದನ್ನೇ ಬಳಸೋದನ್ನು ನಾನು ನೋಡಿದ್ದೇನೆ. ಅವರನ್ನೂ ಪೂರ್ತಿ ಬೈಯಲಾರೆ. ಎಷ್ಟು ಗೋಡೆ ಎದ್ದಿತೋ ಅಷ್ಟೇ ದುಡ್ಡು ಅಂತ ನಾವು ಹೇಳಿದ ಮೇಲೆ ಅವರು ಎಷ್ಟು ಗೋಡೆ ಅಂತಲೇ ನೋಡುತ್ತಾರೆ.

ಕೆಲಸ ನಿಧಾನವಾಗಲು ಇನ್ನೊಂದು ಕಾರಣವೂ ಇರಬಹುದು, ಭಾನುವಾರ ಹೋದಾಗ ಗಮನಿಸು. ಇಟ್ಟಿಗೆ ಲೋಡು ಗೇಟಿನ ಹತ್ತಿರವೇ ಸುರಿದಿದೆಯಾ? ಇಬ್ಬರು ಕಟ್ಟುವವರಿಗೆ ಒಬ್ಬರೇ ಹೆಲ್ಪರ್ ಇದ್ದಾರಾ? ಹಾಗಿದ್ದರೆ ಮೇಸ್ತ್ರಿ ಕರಣೆ ಹಿಡಿದು ಕಾಯುತ್ತಾ ನಿಲ್ಲಬೇಕಾಗುತ್ತದೆ. ಇನ್ನೊಂದು ಆಳು ಕೊಡು, ಕೆಲಸ ಎಷ್ಟು ಮುಂದೆ ಹೋಗುತ್ತದೆ ನೋಡು. ಇಟ್ಟಿಗೆ ಮಾಲೂರಿನದು ಅಂತ ನೀನು ಹೇಳಿದ್ದೆ. ಒಳ್ಳೆಯದೇ, ಆದರೂ ಲೋಡು ಬಂದಾಗ ಎರಡು ಇಟ್ಟಿಗೆ ತೆಗೆದು ಒಂದಕ್ಕೊಂದು ತಟ್ಟಿ ನೋಡು. ಖಣ್ ಅಂತ ಸದ್ದು ಬರಬೇಕು. ಉಗುರಿನಿಂದ ಗೀಚಿದರೆ ಗೆರೆ ಬೀಳಬಾರದು. ಮಂದವಾದ ಸದ್ದು ಬಂದರೆ ಸರಿಯಾಗಿ ಬೆಂದಿಲ್ಲ ಅಂತ ಅರ್ಥ.

ಈಗ ಈ ಕೆಲಸ ಮಾಡುವ ಜನರ ಬಗ್ಗೆ ಎರಡು ಮಾತು. ಒಂದು ಇಟ್ಟಿಗೆ ಸುಮಾರು ಮೂರು ಕಿಲೋ. ಒಬ್ಬ ಮೇಸ್ತ್ರಿ ದಿನಕ್ಕೆ 500 ಇಟ್ಟಿಗೆ ಕಟ್ಟಿದರೂ ಒಂದೂವರೆ ಟನ್ ಆಯಿತು. ಅಷ್ಟನ್ನೂ ಒಂದೇ ಕೈಯಲ್ಲಿ ಎತ್ತಿ, ಬಾಗಿ, ಇನ್ನೊಂದು ಕೈಯಲ್ಲಿ ಗಾರೆ ಹರಡಿ, ಕರಣೆಯ ಹಿಡಿಯಿಂದ ತಟ್ಟಿ ಕೂರಿಸಬೇಕು. ಐವತ್ತು ದಾಟಿದ ಮೇಸ್ತ್ರಿಗಳಲ್ಲಿ ಸೊಂಟ ನೋವಿಲ್ಲದವರು ನನಗೆ ಸಿಕ್ಕಿಲ್ಲ. ಹಸಿ ಸಿಮೆಂಟಿನಲ್ಲಿ ಕ್ಷಾರ ಜಾಸ್ತಿ, ಚರ್ಮ ಸುಡುತ್ತದೆ. ಅಪ್ಪನ ಬೆರಳ ಸಂದಿಗಳು ಬಿರಿದೇ ಇರುತ್ತಿದ್ದವು. ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು, ಬೆಳಗ್ಗೆ ಮತ್ತೆ ಅದೇ ಸಿಮೆಂಟು. ಒಂದು ಜೊತೆ ರಬ್ಬರ್ ಗ್ಲೌಸಿಗೆ ಎಷ್ಟು ಖರ್ಚಾಗುತ್ತದೆ ಹೇಳು? ಗಾರೆ ಕಲಸುವವರಿಗಾದರೂ ತಂದುಕೊಡು.

ಕಲಸುವವರು, ಹೊರುವವರು ಹೆಚ್ಚಾಗಿ ಹೆಂಗಸರೇ. ನಿನ್ನ ಫೋಟೋದಲ್ಲೂ ಬಾಣಲೆ ಹೊತ್ತ ಇಬ್ಬರು ಅಕ್ಕಂದಿರಿದ್ದಾರೆ. ಈ ಕಸುಬಿನಲ್ಲಿ ನನಗೆ ತುಂಬಾ ನೋವು ಕೊಡುವ ವಿಷಯ ಇದು. ಹೆಲ್ಪರ್ ಆಗಿ ಬಂದ ಹುಡುಗ ಕೆಲವು ವರ್ಷದಲ್ಲಿ ಮೇಸ್ತ್ರಿಯಾಗುತ್ತಾನೆ. ಅವನ ಜೊತೆಗೇ ಸೇರಿದ ಹೆಂಗಸು ಮೂವತ್ತು ವರ್ಷ ಆದಮೇಲೂ ಬಾಣಲೆ ಹೊರುತ್ತಲೇ ಇರುತ್ತಾಳೆ. ಅವಳ ಕೈಗೆ ಯಾರೂ ಕರಣೆ ಕೊಡೋದಿಲ್ಲ. ಸಮಾನ ಕೆಲಸಕ್ಕೆ ಸಮಾನ ಕೂಲಿ ಅಂತ 1976ರಲ್ಲೇ ಕಾನೂನು ಬಂತು. ಆದರೂ ಬಹಳ ಸೈಟುಗಳಲ್ಲಿ ಹೆಣ್ಣಾಳಿಗೆ ಒಂದು ರೇಟು, ಗಂಡಾಳಿಗೆ ಇನ್ನೊಂದು. ಹೆಂಗಸರಿಗೆ ಈ ಕೆಲಸ ಬರೋದಿಲ್ಲ ಅನ್ನೋದು ಸುಳ್ಳು. ಜಾರ್ಖಂಡ್‌ನಲ್ಲಿ ಸ್ವಚ್ಛ ಭಾರತದ ಶೌಚಾಲಯ ಕಟ್ಟುವಾಗ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟರು. ರಾಣಿ ಮಿಸ್ತ್ರಿ ಅಂತಲೇ ಅವರಿಗೆ ಹೆಸರು ಬಂತು. ನಿನ್ನ ಸೈಟಿನಲ್ಲಿ ನೀನು ಮಾಲೀಕ. ಕೂಲಿ ಒಂದೇ ಇರಲಿ ಅಂತ ನೀನು ಹೇಳಿದರೆ ಬೇಡ ಅನ್ನುವವರು ಯಾರು?

ಖರ್ಚು ಕೈಮೀರುತ್ತಿದೆ ಅನ್ನೋದು ನನಗೂ ಅರ್ಥವಾಗುತ್ತದೆ. ಉಳಿಸಬೇಕಾದರೆ ಕಟ್ಟುವ ರೀತಿಯಲ್ಲಿ ಉಳಿಸು, ಕೂಲಿಯಲ್ಲಿ ಬೇಡ. ಲಾರಿ ಬೇಕರ್ ಹೆಸರು ಕೇಳಿದ್ದೀಯ ಅಲ್ವಾ? ಇಂಗ್ಲೆಂಡಿನಲ್ಲಿ ಹುಟ್ಟಿ, ತಿರುವನಂತಪುರದಲ್ಲಿ ನೆಲೆಸಿ, 2007ರಲ್ಲಿ ತೀರಿಕೊಂಡ ವಾಸ್ತುಶಿಲ್ಪಿ. ಅವರು ಕೇರಳದ ಮನೆಗಳಲ್ಲಿ ರ‍್ಯಾಟ್ ಟ್ರ್ಯಾಪ್ ಬಾಂಡ್ ತುಂಬಾ ಬಳಸಿದರು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಕಟ್ಟೋದು. ಒಂಬತ್ತು ಇಂಚಿನ ಗೋಡೆಯ ಒಳಗೆ ಟೊಳ್ಳು ಉಳಿಯುತ್ತದೆ. ಇಟ್ಟಿಗೆ ಸುಮಾರು ಕಾಲು ಭಾಗ ಉಳಿಯುತ್ತದೆ, ಗಾರೆಯೂ ಕಡಿಮೆ, ಮನೆ ತಂಪಾಗಿರುತ್ತದೆ. ಮೇಲಿನ ರೂಮಿಗೆ ಇದು ಆಗುತ್ತದಾ ಅಂತ ಎಂಜಿನಿಯರನ್ನೂ ಮೇಸ್ತ್ರಿಯನ್ನೂ ಒಟ್ಟಿಗೆ ಕೂರಿಸಿ ಕೇಳು. ಆದರೆ ಅವಸರದ ಗ್ಯಾಂಗಿನ ಕೈಯಲ್ಲಿ ಇದು ಆಗುವ ಕೆಲಸ ಅಲ್ಲ. ಬೆಂಗಳೂರಿನ ಸುತ್ತ ಈಗ ಎಲ್ಲಿ ನೋಡಿದರೂ ಸಿಮೆಂಟ್ ಬ್ಲಾಕು. ಬೇಗ ಆಗುತ್ತದೆ, ಅದನ್ನು ನಾನು ತಪ್ಪು ಅನ್ನೋದಿಲ್ಲ. ಆದರೆ ಈಗಿನ ಹುಡುಗರಿಗೆ ಇಟ್ಟಿಗೆಯ ಮೂಲೆ ಕಟ್ಟುವ ಅವಕಾಶವೇ ಕಡಿಮೆಯಾಗುತ್ತಿದೆ. ನಿನಗೆ ಸಿಕ್ಕಿರುವಂಥ ಮೇಸ್ತ್ರಿಗಳು ಇನ್ನು ಮುಂದೆ ಸುಲಭವಾಗಿ ಸಿಗೋದಿಲ್ಲ.

ಶನಿವಾರದ ಕೂಲಿ ಬಟವಾಡೆ ಮಾತ್ರ ತಪ್ಪಿಸಬೇಡ. ನೀನು ಸೋಮವಾರ ಕೊಡುತ್ತೇನೆ ಅಂದರೆ ಮೇಸ್ತ್ರಿ ಬಡ್ಡಿಗೆ ತಂದಾದರೂ ಆಳುಗಳಿಗೆ ಕೊಡಬೇಕು. ವಾರದ ರೇಷನ್ನು, ಮಕ್ಕಳ ಖರ್ಚು, ಎಲ್ಲ ಆ ದುಡ್ಡಿನ ಮೇಲೆಯೇ ನಿಂತಿರುತ್ತದೆ.

ಇನ್ನೊಂದು ಮುಖ್ಯವಾದ ಕೆಲಸ ನಿನ್ನಿಂದ ಆಗಬೇಕು. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕೇಂದ್ರದ ಕಾನೂನು ಬಂತು. ದೊಡ್ಡ ಕಟ್ಟಡಗಳ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ವಸೂಲಿ ಮಾಡಿ, ಆ ದುಡ್ಡನ್ನು ಕಲ್ಯಾಣ ಮಂಡಳಿಗೆ ಕೊಡುತ್ತಾರೆ. ನಮ್ಮ ರಾಜ್ಯದಲ್ಲೂ ಮಂಡಳಿ ಇದೆ. ಮಕ್ಕಳ ಓದಿಗೆ, ಹೆರಿಗೆಗೆ, ಅಪಘಾತಕ್ಕೆ, ವಯಸ್ಸಾದ ಮೇಲೆ ಪಿಂಚಣಿಗೆ ಅಲ್ಲಿ ನೆರವು ಸಿಗುತ್ತದೆ. ಆದರೆ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ ಕಾರ್ಡು ಬೇಕು. 18ರಿಂದ 60 ವರ್ಷದೊಳಗಿನವರು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದ್ದೇವೆ ಅಂತ ತೋರಿಸಬೇಕು. ಊರೂರು ಸುತ್ತಿ ದುಡಿಯುವವರಿಗೆ ಆ 90 ದಿನದ ಪುರಾವೆ ಕೊಡುವವರೇ ಸಿಗೋದಿಲ್ಲ. ಮನೆ ಕಟ್ಟಿಸಿದವರು ಗೃಹಪ್ರವೇಶ ಆದ ಮೇಲೆ ಫೋನು ಎತ್ತೋದಿಲ್ಲ. ನೀನು ಹಾಗೆ ಮಾಡುವವನಲ್ಲ ಅಂತ ಗೊತ್ತು. ಇವತ್ತಿನಿಂದಲೇ ಒಂದು ನೋಟ್‌ಬುಕ್ಕಿನಲ್ಲಿ ಯಾರು ಯಾವ ದಿನ ಬಂದರು ಅಂತ ಬರೆಸು. ಮೇಸ್ತ್ರಿಯದು ಮಾತ್ರ ಸಾಲದು, ಬಾಣಲೆ ಹೊರುವ ಅಕ್ಕಂದಿರ ಹೆಸರೂ ಇರಲಿ. ಯಾರ ಹತ್ತಿರ ಕಾರ್ಡು ಇದೆ, ಯಾರದು ರಿನ್ಯೂವಲ್ ಆಗಿಲ್ಲ ಅಂತಲೂ ಕೇಳಿಡು. ಅವರ ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಜೋಡಿಸಿಟ್ಟಿರು. ಬರುವ ಭಾನುವಾರ ನಾನು ಕೋಲಾರಕ್ಕೆ ಬರುತ್ತೇನೆ, ಅರ್ಜಿ ತುಂಬುವ ಕೆಲಸ ನನಗೆ ಬಿಡು. ನೀನು ಸಹಿ ಮಾಡಿದರೆ ಸಾಕು.

ಇಂತಿ ನಿನ್ನ ಗೆಳೆಯ