ಆ ಮುದುಕನನ್ನು ಎಬ್ಬಿಸಬೇಡ

ಗೆಳೆಯಾ,

ನಿನ್ನ ಕಾದಂಬರಿ ಓದಿ ಮುಗಿಸಿದೆ. ನೀರಿನ ಕೆಳಗಿನ ಆ ಊರು, ಅಲ್ಲಿನ ಸಂತೆ, ಎಲ್ಲಾ ಕಣ್ಣಿಗೆ ಕಟ್ಟಿದ ಹಾಗಿದೆ. ಅದರ ಬಗ್ಗೆ ಫೋನಿನಲ್ಲಿ ಸಾವಕಾಶವಾಗಿ ಮಾತಾಡೋಣ. ಈಗ ಒಂದೇ ವಿಷಯಕ್ಕೆ ಬರೆಯುತ್ತಿದ್ದೇನೆ. ಬೆಟ್ಟ ದಾಟುವಾಗ ಸತ್ತ ಆ ಮುದುಕ ಗುರುವನ್ನು ಕೊನೆಯ ಅಧ್ಯಾಯದಲ್ಲಿ ಅವನ ಶಿಷ್ಯ ಹುಡುಗನ ಕೈಲಿ ಮಂತ್ರ ಹಾಕಿಸಿ ಎಬ್ಬಿಸಿದ್ದೀಯಲ್ಲ, ಅದು ಬೇಡ ಕಣೋ.

ಆ ಮುದುಕ ಯಾರು ಅಂತ ನನಗೆ ಗೊತ್ತು. ನಡುರಾತ್ರಿ ಎದ್ದು ರೇಷ್ಮೆ ಹುಳದ ಮನೆಗೆ ಹೋಗಿ, ದೀಪ ಹಾಕದೆ, ತಟ್ಟೆಯ ಮೇಲೆ ಬಗ್ಗಿ ಕಿವಿಕೊಟ್ಟು, ಹುಳ ಎಲೆ ಮೇಯುವ ಸದ್ದಿನಲ್ಲೇ ಅವು ಪೊರೆ ಬಿಟ್ಟು ಎದ್ದದ್ದು ತಿಳಿದು, "ಜ್ವರ ಎದ್ದವೆ, ಸೊಪ್ಪು ಹಾಕು" ಅನ್ನುತ್ತಿದ್ದರಲ್ಲ ನಿಮ್ಮಪ್ಪ, ಅವರೇ. ನಿನ್ನ ಗುರು ನೆಲಕ್ಕೆ ಕಿವಿ ಇಟ್ಟು ಕುದುರೆಗಳ ಸದ್ದು ಕೇಳುವ ಪುಟ ಓದುವಾಗ ನನಗೆ ಮುಂದೆ ಓದೋಕೇ ಆಗಲಿಲ್ಲ. ಅವರನ್ನು ವಾಪಸ್ ಕರೆಯಬೇಕು ಅನ್ನಿಸಿದ್ದು ತಪ್ಪಲ್ಲ. ಆದರೆ ಮಂತ್ರದಿಂದ ಎದ್ದು ಬಂದವನಲ್ಲಿ ನಿಮ್ಮಪ್ಪ ಇಲ್ಲ. ಸಾಯುವ ತನಕದ ಪುಟಗಳಲ್ಲಿ ಮಾತ್ರ ಇದ್ದಾರೆ.

ರೇಷ್ಮೆ ಬೆಳೆಯುವ ನಮ್ಮ ಶಿಡ್ಲಘಟ್ಟದವರಿಗೆ ಜೀವ ಎಷ್ಟು ಮೆತ್ತಗಿನದು ಅಂತ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ ಅಲ್ವಾ? ನಾಲ್ಕು ಜ್ವರ ದಾಟಿಸಿ, ಇನ್ನೇನು ಹಣ್ಣಾಗುತ್ತವೆ, ಗೂಡು ಕಟ್ಟಲು ಚಂದ್ರಿಕೆಗೆ ಬಿಡೋಣ ಅನ್ನುವಷ್ಟರಲ್ಲಿ ಸುಣ್ಣಕಟ್ಟು ರೋಗ ಬಂದು ಹುಳವೆಲ್ಲ ಸೀಮೆಸುಣ್ಣದ ಹಾಗೆ ಬೆಳ್ಳಗೆ ಬಿರುಸಾಗಿ ಬಿದ್ದಿರುತ್ತಿದ್ದವು. ಯಾವ ಮಂತ್ರವೂ ಇಲ್ಲ. ಆರಿಸಿ ತೆಗೆದು, ಮನೆ ತೊಳೆದು, ಮತ್ತೆ ಚಾಕಿ, ಅಂದರೆ ಮರಿಹುಳ, ತರಬೇಕು.

ಉರ್ಸುಲಾ ಲೆ ಗ್ವಿನ್ 1972ರಲ್ಲಿ ಬರೆದ 'ದಿ ಫಾರ್ದೆಸ್ಟ್ ಶೋರ್' ಓದು. ಅದರಲ್ಲಿ ಸಾಯಲು ಒಪ್ಪದ ಒಬ್ಬ ಮಂತ್ರವಾದಿ ಬದುಕಿಗೂ ಸಾವಿಗೂ ನಡುವಿನ ಬಾಗಿಲು ತೆರೆದುಬಿಡುತ್ತಾನೆ. ಆ ಕಿಂಡಿಯಿಂದ ಲೋಕದ ಶಕ್ತಿಯೆಲ್ಲ ಸೋರಿ ಹೋಗುತ್ತದೆ. ಹಾಡುಗಾರರಿಗೆ ಹಾಡು ಮರೆಯುತ್ತದೆ. ನಮ್ಮೂರಿನ ಹಾಗೇ ರೇಷ್ಮೆಯದೇ ಒಂದು ದ್ವೀಪ ಇದೆ ಅದರಲ್ಲಿ. ಅಲ್ಲಿ ಬಣ್ಣ ಹಾಕುವವರ ಕೈಯಿಂದ ಆ ಕಸುಬೇ ಜಾರಿ ಹೋಗಿರುತ್ತದೆ, ರೇಷ್ಮೆ ಕಳಪೆಯಾಗಿರುತ್ತದೆ, ಜನ ಒಬ್ಬರ ಮೇಲೊಬ್ಬರು ತಪ್ಪು ಹಾಕುತ್ತಾ ಕೂತಿರುತ್ತಾರೆ. ಆ ಭಾಗ ಓದಿ ನನಗೆ ನಿಜಕ್ಕೂ ಹೆದರಿಕೆ ಆಯಿತು. ಒಬ್ಬನ ಸಾವಿನ ಭಯಕ್ಕೆ ಎಲ್ಲೋ ದೂರದ, ಅವನ ಮುಖವನ್ನೇ ನೋಡದ ಬಣ್ಣಗಾರರ ಬದುಕು ಹೋಗುತ್ತದೆ! ಕೊನೆಗೆ ಆ ಬಾಗಿಲು ಮುಚ್ಚಲು ಕಥೆಯ ದೊಡ್ಡ ಮಂತ್ರವಾದಿ ಗೆಡ್ ತನ್ನ ಶಕ್ತಿಯನ್ನೆಲ್ಲ ಕಳೆದುಕೊಳ್ಳಬೇಕಾಗುತ್ತದೆ. ನಿನ್ನ ಹುಡುಗ ಏನು ಕಳೆದುಕೊಂಡ? ಒಂದು ಉಂಗುರ. ಸಾಲದು.

ಟೋಲ್ಕಿನ್‌ನ 'ದಿ ಲಾರ್ಡ್ ಆಫ್ ದಿ ರಿಂಗ್ಸ್'ನ ಫ್ರೋಡೋ ನೆನಪಿದ್ದಾನಲ್ಲ. ಅಕ್ಟೋಬರ್ 6ರಂದು ಶತ್ರುವಿನ ಕತ್ತಿ ಚುಚ್ಚಿದ ಗಾಯ. ಒಳಗೆ ಉಳಿದ ಕತ್ತಿಯ ಚೂರನ್ನು ಗಾಯ ವಾಸಿಮಾಡಬಲ್ಲ ಎಲ್ರಾಂಡ್ ಹೊರತೆಗೆದರೂ ಪ್ರತಿ ವರ್ಷ ಅದೇ ದಿನ ನೋಯುತ್ತದೆ. ಊರು ಉಳಿಯುತ್ತದೆ, ಅವನಿಗೆ ಮಾತ್ರ ಊರಲ್ಲಿ ಇರಲು ಆಗುವುದಿಲ್ಲ. 1916ರಲ್ಲಿ ಸೋಮ್ ಯುದ್ಧದಲ್ಲಿದ್ದು, 1918ರ ಹೊತ್ತಿಗೆ ಆಪ್ತ ಗೆಳೆಯರಲ್ಲಿ ಒಬ್ಬನನ್ನು ಬಿಟ್ಟು ಎಲ್ಲರನ್ನೂ ಕಳೆದುಕೊಂಡಿದ್ದವನು ಬರೆದದ್ದು ಅದು. ಗಾಯ ಸುಮ್ನೆ ವಾಸಿಯಾಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು.

ದೂರ ಯಾಕೆ, ನಮ್ಮ ರನ್ನನ ದುರ್ಯೋಧನನನ್ನೇ ನೋಡು. ಮಂತ್ರದ ಬಲದಿಂದ ಕೊಳದೊಳಗೆ ಅಡಗಿ ಕೂತಿದ್ದಾನೆ. ಮೇಲಿನಿಂದ ಭೀಮನ ಗರ್ಜನೆ ಕೇಳುತ್ತದೆ. 'ನೀರೊಳಗಿರ್ದುಂ ಬೆಮರ್ತನ್', ನೀರಿನೊಳಗಿದ್ದೂ ಬೆವರಿದ. ಮಂತ್ರ ಅವನನ್ನು ನೀರಿನಿಂದ ಕಾಪಾಡಿತು, ಅವನ ಮೈಯಿಂದ ಕಾಪಾಡಲಿಲ್ಲ. ಆ ಬೆವರಿನಿಂದಲೇ ನನಗೆ ಅವನು ರಾಜನಿಗಿಂತ ಜಾಸ್ತಿ ಮನುಷ್ಯನಾಗಿ ಕಾಣುತ್ತಾನೆ.

ಓದುವವರಿಗೆ ನೋವಾಗುತ್ತೆ ಅಂತ ನೀನು ಅವತ್ತು ಅಂದೆ. ಆಗಲಿ ಬಿಡು. ಹುಡುಗನಿಗೆ ಮಂತ್ರ ಬಾಯಿಗೆ ಬರಲಿ, ಎಬ್ಬಿಸಬಹುದು ಅಂತಲೂ ಗೊತ್ತಿರಲಿ, ಆದರೂ ಹೇಳದೆ ಬೆಟ್ಟ ಇಳಿಯಲಿ. ಇಳಿಯುವಾಗ ಗುರು ಕಲಿಸಿದ ಹಾಗೆ ನೆಲಕ್ಕೆ ಕಿವಿ ಇಟ್ಟು, ತಪ್ಪು ದಿಕ್ಕು ಹೇಳಲಿ. ಆ ಪುಟ ನೀನು ಚೆನ್ನಾಗಿ ಬರೆಯುತ್ತೀಯ, ಬೇರೆ ಯಾರಿಗೂ ಅದು ಬರೆಯೋಕೆ ಬರಲ್ಲ.

ನಮ್ಮ ಗೂಡು ಇನ್ನೇನು ಬಿಡಿಸಬೇಕು. ಮಾರುಕಟ್ಟೆಗೆ ಹಾಕಿದ ಮೇಲೆ ಸ್ವಲ್ಪ ಬಿಡುವಿರುತ್ತೆ. ಹಸ್ತಪ್ರತಿ ತಗೊಂಡು ಬಾ, ಕೊನೆಯ ಅಧ್ಯಾಯ ಇಬ್ಬರೂ ಕೂತು ನೋಡೋಣ. ಅಮ್ಮನನ್ನೂ ಕರ್ಕೊಂಡು ಬಾ.

ನಿನ್ನ ಗೆಳೆಯ